ಬಸ್ ಸ್ಟ್ಯಾಂಡೋ, ಪಕ್ಕದ ಮನೆಯೋ, ಫೋಟೋನೋ: ಮಕ್ಕಳ ಪುಸ್ತಕಕ್ಕೆ ಜನರನ್ನು ಎಲ್ಲಿ ನೋಡಿ ಬರೆಯಬೇಕು?

ಮೊನ್ನೆ ಹಾವೇರಿ ಕಡೆಯ ಒಬ್ಬ ಡ್ರಾಯಿಂಗ್ ಮೇಷ್ಟ್ರು ಫೋನ್ ಮಾಡಿದ್ದರು. ಮೊದಲ ಸಲ ಒಂದು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯಲು ಒಪ್ಪಿಕೊಂಡಿದ್ದಾರೆ. ಕಥೆಯಲ್ಲಿ ಒಂದು ತರಗತಿ. ಹನ್ನೊಂದು ಮಕ್ಕಳು, ಒಬ್ಬ ಟೀಚರ್, ಬಿಸಿಯೂಟದ ಅಡುಗೆಯವರು ಇಬ್ಬರು. "ಹನ್ನೊಂದು ಮಂದೀನೂ ಬರದೀನ್ರಿ ಮೇಡಂ, ಎಲ್ಲಾರೂ ಅಣ್ತಮ್ಮಂದಿರ ಹಂಗ ಕಾಣ್ತಾರ. ಕೂದಲಾ ಬದಲಿ ಮಾಡಿದೆ, ಬಣ್ಣ ಬದಲಿ ಮಾಡಿದೆ, ಒಬ್ಬಾಂವಗ ಚಷ್ಮಾ ಹಾಕಿದೆ. ಆದ್ರೂ ಅದೇ ಮಾರಿ!"

ಈ ಕಾಯಿಲೆ ನನಗೂ ಇತ್ತು. ನೋಡದೆ ಬರೆದರೆ ಕೈ ತನಗೆ ಗೊತ್ತಿರುವ ಒಂದೇ ಮುಖಕ್ಕೆ ಹೋಗಿ ನಿಲ್ಲುತ್ತದೆ. ಎಷ್ಟೋ ಸಲ ಅದು ನಮ್ಮದೇ ಮುಖ. ಎದುರಿಗಿರುವ ಮನುಷ್ಯರನ್ನು ನೋಡಿ ಬರೆದರೆ ಮಾತ್ರ ಇದು ವಾಸಿಯಾಗುತ್ತದೆ. ಆದರೆ ಯಾರನ್ನು, ಎಲ್ಲಿ ಕೂತು? ಸಂತೆಗೆ ಹೋಗೋದಾ, ಮನೆಯವರನ್ನೇ ಕೂರಿಸೋದಾ, ಮಾಡೆಲ್ ಇರುವ ಕ್ಲಾಸಿಗೆ ಸೇರೋದಾ, ಶಾಲೆಗೆ ಹೋಗೋದಾ, ಸುಮ್ನೆ ಫೋಟೋ ತೆಗೆದುಕೊಂಡು ಬರೋದಾ? ಮೇಷ್ಟ್ರು ಕೇಳಿದ್ದೂ ಅದೇ. ಎಲ್ಲವನ್ನೂ ಮಾಡಿ ನೋಡಿದವಳಾಗಿ, ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಮೊದಲು ಅಳತೆಗೋಲು

ಜಾಗ ಆರಿಸುವ ಮುಂಚೆ ನಾನು ಐದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅಲ್ಲಿ ಎಷ್ಟು ತರದ ಜನ ಸಿಗುತ್ತಾರೆ? ಎಷ್ಟು ಹೊತ್ತು ಅಲ್ಲಾಡದೆ ಇರುತ್ತಾರೆ? ಅದೇ ವ್ಯಕ್ತಿ ನಾಳೆಯೂ ಸಿಗುತ್ತಾರಾ? ಅವರ ಒಪ್ಪಿಗೆ ಇದೆಯಾ? ಕೊನೆಗೆ, ಎಷ್ಟು ದುಡ್ಡು, ಎಷ್ಟು ದಿನ?

ಮೂರನೆಯ ಪ್ರಶ್ನೆಯನ್ನು ಹೊಸಬರು ಮರೆತುಬಿಡುತ್ತಾರೆ. ಒಂದೇ ಚಿತ್ರ ಬರೆದು ಗೋಡೆಗೆ ನೇತುಹಾಕುವುದು ಬೇರೆ, ಚಿತ್ರಪುಸ್ತಕ ಬೇರೆ. ಪುಸ್ತಕದ ಹುಡುಗಿ ಮೊದಲ ಪುಟದಲ್ಲಿ ಓಡುತ್ತಾಳೆ, ಆರನೇ ಪುಟದಲ್ಲಿ ಬೆನ್ನು ತಿರುಗಿಸಿ ಅಳುತ್ತಾಳೆ, ಹದಿನೈದರಲ್ಲಿ ಮರ ಹತ್ತುತ್ತಾಳೆ. ಎಲ್ಲ ಕಡೆ ಅವಳೇ ಅಂತ ಮಗುವಿಗೆ ಗೊತ್ತಾಗಬೇಕು. ಬೀದಿಯಲ್ಲಿ ಎರಡು ನಿಮಿಷ ನೋಡಿದ ಹುಡುಗಿಯ ಬೆನ್ನು ಹೇಗಿತ್ತು ಅಂತ ಆಮೇಲೆ ಯಾರನ್ನು ಕೇಳುವುದು?

ಇನ್ನೊಂದು ಮಾತು. 'ಬೇರೆ ಬೇರೆ ತರದ ಮಕ್ಕಳು ಇರಲಿ' ಅಂತ ಪ್ರಕಾಶಕರು ಹೇಳಿದ ತಕ್ಷಣ ನಮ್ಮ ಕೈ ಬಣ್ಣದ ಡಬ್ಬಿಗೆ, ಬಟ್ಟೆಗೆ ಹೋಗುತ್ತದೆ. ಲಂಬಾಣಿ ಹುಡುಗಿ ಅಂದರೆ ಕನ್ನಡಿ ಹೊಲಿದ ಲಂಗ. ಮುಸ್ಲಿಂ ಹುಡುಗ ಅಂದರೆ ಟೋಪಿ. ಸೋಮವಾರ ಬೆಳಗ್ಗೆ ಶಾಲೆಯ ಮುಂದೆ ನಿಂತು ನೋಡಿ, ಎಲ್ಲರದ್ದೂ ಅದೇ ಯೂನಿಫಾರಂ. ಆದರೂ ಐವತ್ತು ಅಡಿ ದೂರದಿಂದಲೇ ಅಮ್ಮಂದಿರು ತಮ್ಮ ಮಗುವನ್ನು ಗುರುತು ಹಿಡಿಯುತ್ತಾರೆ. ಬಣ್ಣದಿಂದಲ್ಲ, ಬಟ್ಟೆಯಿಂದಲ್ಲ. ನಡಿಗೆಯಿಂದ, ಬ್ಯಾಗ್ ಹೊತ್ತ ರೀತಿಯಿಂದ, ಕತ್ತು ಎಷ್ಟು ಮುಂದೆ ಬಾಗಿದೆ ಅನ್ನುವುದರಿಂದ. ನಾವು ಹುಡುಕಿಕೊಂಡು ಹೋಗಬೇಕಾದ್ದು ಅದನ್ನು. ಹಾಗಾಗಿ ಯಾವ ಜಾಗದಲ್ಲಿ ಅದು ಜಾಸ್ತಿ ಸಿಗುತ್ತದೆ ಅನ್ನುವುದೇ ನನ್ನ ಮುಖ್ಯ ಲೆಕ್ಕ.

ಬಸ್ ಸ್ಟ್ಯಾಂಡ್, ಸಂತೆ, ರೈಲು

ಖರ್ಚು ಕಡಿಮೆ, ಜನ ಜಾಸ್ತಿ. ಬೆಂಗಳೂರಿನ ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್, ಮೈಸೂರಿನ ದೇವರಾಜ ಮಾರುಕಟ್ಟೆ, ಇಲ್ಲವೇ ನಿಮ್ಮೂರಿನ ವಾರದ ಸಂತೆ. ಒಂದು ಗಂಟೆ ಕೂತರೆ ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳು, ಒಡಿಶಾದಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ, ಖಾಕಿ ಹಾಕಿದ ಆಟೋದವರು, ಗಾಂಧಿ ಟೋಪಿಯ ಅಜ್ಜ, ಎಲ್ಲರೂ ಕಣ್ಣ ಮುಂದೆ ಹಾದುಹೋಗುತ್ತಾರೆ. ಬೇರೆ ಎಲ್ಲೂ ಇಷ್ಟು ಮೈಕಟ್ಟು, ಇಷ್ಟು ವಯಸ್ಸು ಒಟ್ಟಿಗೆ ಸಿಗುವುದಿಲ್ಲ.

ತೊಂದರೆ ಏನು ಗೊತ್ತಲ್ವಾ? ಯಾರೂ ನಿಲ್ಲುವುದಿಲ್ಲ. ಅರ್ಧ ತಲೆ ಬರೆಯುವಷ್ಟರಲ್ಲಿ ಬಸ್ ಬಂತು, ಮನುಷ್ಯ ಹೋದ. ಇದಕ್ಕೆ ಎರಡು ಉಪಾಯ ಇವೆ. ಒಂದು, ಕಾಯುತ್ತಿರುವವರನ್ನೇ ಹುಡುಕುವುದು. ರೇಷನ್ ಅಂಗಡಿಯ ಸಾಲು, ಕ್ಷೌರದ ಅಂಗಡಿಯ ಬೆಂಚು, ದೇವಸ್ಥಾನದ ಜಗಲಿ. ಎರಡು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವವರನ್ನು ಹಿಡಿಯುವುದು. ಹೂ ಕಟ್ಟುವವರ ಕೈ ಒಂದು ಸುತ್ತು ಹೋಗಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ದೋಸೆ ಹುಯ್ಯುವವರ ಮೊಣಕೈ ಕೂಡ ಹಾಗೇ. ಒಂದೇ ಹಾಳೆಯಲ್ಲಿ ನಾಲ್ಕೈದು ಚಿತ್ರ ಶುರು ಮಾಡಿ. ಯಾವ ಭಂಗಿ ತಿರುಗಿ ಬಂತೋ ಆ ಚಿತ್ರಕ್ಕೆ ಎರಡು ಗೆರೆ ಸೇರಿಸಿ. ಮುಖಕ್ಕೆ ಹೋಗಲೇಬೇಡಿ. ತಲೆ ಒಂದು ಮೊಟ್ಟೆ, ಬೆನ್ನು ಒಂದು ಗೆರೆ, ಭಾರ ಯಾವ ಕಾಲಿನ ಮೇಲಿದೆ, ಅಷ್ಟು ಸಾಕು.

ನನ್ನ ಹತ್ತಿರ ಇನ್ನೂ ಇರುವ ಒಂದು ಹಾಳೆಯ ಬಗ್ಗೆ ಹೇಳುತ್ತೇನೆ. ಹುಬ್ಬಳ್ಳಿಯ ಪ್ಲಾಟ್‌ಫಾರಂ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಒಂದು ಮೊಣಕಾಲು ಎತ್ತಿ, ಅದರ ಮೇಲೆ ಗದ್ದ ಇಟ್ಟಿದ್ದರು. ತಲೆ ಮೇಲೆ ಇಳಕಲ್ ಸೀರೆಯ ಸೆರಗು. ಸೊಂಟದಿಂದ ಎಲೆಅಡಿಕೆ ಸಂಚಿ ತೆಗೆದರು. ಎಲೆಯನ್ನು ತೊಡೆಯ ಮೇಲೆ ಒರೆಸಿದರು. ಬೆರಳ ತುದಿಯಲ್ಲಿ ಸುಣ್ಣ ತೆಗೆದು ಎಲೆಗೆ ಸವರಿ, ಉಳಿದದ್ದನ್ನು ಕಂಬಕ್ಕೆ ಒರೆಸಿದರು. ಆ ಕಂಬದಲ್ಲಿ ಆಗಲೇ ನೂರಾರು ಬೆರಳಿನ ಬಿಳಿ ಗುರುತು. ಹತ್ತು ನಿಮಿಷದಲ್ಲಿ ಆರು ಸಣ್ಣ ಚಿತ್ರ ಆದವು. ಆಮೇಲೆ ಒಂದು ಕಥೆಯಲ್ಲಿ ಅಜ್ಜಿ ಬಂದಾಗ ನಾನು ಬಿಳಿ ಕೂದಲು, ಊರುಗೋಲು, ಮೂಗಿನ ತುದಿಗೆ ಕನ್ನಡಕ ಅಂತ ಹೋಗಲಿಲ್ಲ. ಆ ಮೊಣಕಾಲು ಬರೆದೆ. ಸಂಪಾದಕರು ಕೇಳಿದ್ದು ಒಂದೇ ಪ್ರಶ್ನೆ: "ಇವರು ಉತ್ತರ ಕರ್ನಾಟಕದವರಾ?"

ಒಪ್ಪಿಗೆಯ ವಿಷಯ ಇಲ್ಲಿ ಸ್ವಲ್ಪ ಜಾರು. ಗುಂಪಿನಲ್ಲಿ ಪ್ರತಿಯೊಬ್ಬರನ್ನೂ ಕೇಳಲು ಆಗುವುದಿಲ್ಲ. ನಾನು ಇಟ್ಟುಕೊಂಡ ನಿಯಮ ಹೀಗಿದೆ. ದೊಡ್ಡವರ ಭಂಗಿ ಬರೆದುಕೊಳ್ಳಬಹುದು, ಗುರುತು ಸಿಗುವ ಮುಖ ಬರೆಯುವುದಿಲ್ಲ. ಯಾರಾದರೂ ಮುಖ ತಿರುಗಿಸಿದರೆ ಪುಸ್ತಕ ಮುಚ್ಚುತ್ತೇನೆ. ನೋಡಲು ಬಂದರೆ ತೋರಿಸುತ್ತೇನೆ. "ನಂದೂ ಬರೀರಿ" ಅಂದರೆ ಬರೆದು ಹಾಳೆ ಹರಿದು ಕೊಡುತ್ತೇನೆ. ಅದಕ್ಕೇ ದುಬಾರಿ ಸ್ಕೆಚ್‌ಬುಕ್ ಒಯ್ಯುವುದಿಲ್ಲ. ಝೆರಾಕ್ಸ್ ಹಾಳೆ, ಒಂದು ರಟ್ಟು, ಕ್ಲಿಪ್ಪು, ಮೆತ್ತನೆಯ 6ಬಿ ಪೆನ್ಸಿಲ್, ಅಷ್ಟೇ. ಒಂದು ರೀಮ್‌ನಲ್ಲಿ 500 ಹಾಳೆ. ಕೊಟ್ಟರೂ ಹೊಟ್ಟೆ ಉರಿಯುವುದಿಲ್ಲ.

ಆದರೆ ಬೀದಿಯಲ್ಲಿ ಮಕ್ಕಳನ್ನು ಮಾತ್ರ ಜೊತೆಗಿರುವ ದೊಡ್ಡವರನ್ನು ಕೇಳದೆ ಬರೆಯಬೇಡಿ. ಗುರುತಿಲ್ಲದ ಮನುಷ್ಯ ಮಗುವನ್ನೇ ದಿಟ್ಟಿಸುತ್ತಿದ್ದಾನೆ ಅಂದರೆ ಜನಕ್ಕೆ ಅನುಮಾನ ಬರುವುದು ಸಹಜ. 2018ರಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಮಕ್ಕಳ ಕಳ್ಳರ ಗಾಳಿಸುದ್ದಿಯಾಗಿ, ವಾಟ್ಸಾಪ್‌ನಲ್ಲಿ ಹರಡಿ, ಒಬ್ಬ ಯುವಕನ ಜೀವವೇ ಹೋಯಿತು. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಗುಂಪಿನಲ್ಲಿ ಹೋಗಿ. 2007ರಲ್ಲಿ ಶುರುವಾದ ಅರ್ಬನ್ ಸ್ಕೆಚರ್ಸ್ ತರದ, ಬೀದಿಯಲ್ಲೇ ಕೂತು ಚಿತ್ರ ಬರೆಯುವವರ ಗುಂಪುಗಳು ಈಗ ನಮ್ಮ ಊರುಗಳಲ್ಲೂ ಇವೆ. ಐದು ಜನ ಕೂತು ಬರೆಯುತ್ತಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ತಮಾಷೆ ನೋಡಲು ಜನ ಸೇರುತ್ತಾರೆ, ಅಷ್ಟೇ.

ಮನೆಯವರು, ಅಕ್ಕಪಕ್ಕದವರು

ಮೂರನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಪಕ್ಕದ ಮನೆಯ ಹುಡುಗಿ ಇವತ್ತೂ ಇರುತ್ತಾಳೆ, ನಾಳೆಯೂ ಇರುತ್ತಾಳೆ. "ಸ್ವಲ್ಪ ಹಿಂದೆ ತಿರುಗು ಪುಟ್ಟಿ" ಅಂದರೆ ತಿರುಗುತ್ತಾಳೆ. ಒಂದು ಸಂಜೆ ಕೂತರೆ ಎದುರು, ಪಕ್ಕ, ಹಿಂದೆ, ಕೂತಿದ್ದು, ಬಗ್ಗಿದ್ದು ಎಲ್ಲ ಸೇರಿ ಒಂದು ಕ್ಯಾರೆಕ್ಟರ್ ಶೀಟ್ ತಯಾರಾಗುತ್ತದೆ. ಆ ಒಂದು ಹಾಳೆ ಇಡೀ ಪುಸ್ತಕ ನಡೆಸುತ್ತದೆ.

ಮಕ್ಕಳನ್ನು ಕೂರಿಸುವುದೇ ಒಂದು ವಿದ್ಯೆ. ನಾನು ಮೊದಮೊದಲು ಕೈಗೆ ಮೊಬೈಲ್ ಕೊಡುತ್ತಿದ್ದೆ. ಮಗು ಇಪ್ಪತ್ತು ನಿಮಿಷ ಕಲ್ಲಿನ ಹಾಗೆ ಕೂರುತ್ತದೆ, ನಿಜ. ಆದರೆ ಆಮೇಲೆ ನೋಡಿದರೆ ನನ್ನ ಪುಸ್ತಕದ ಮಕ್ಕಳೆಲ್ಲ ತೊಡೆ ನೋಡುತ್ತಾ ಗೂನು ಬೆನ್ನು ಹಾಕಿಕೊಂಡು ಕೂತಿದ್ದರು! ಈಗ ಚೌಕಾಬಾರ ಹಾಸಿಬಿಡುತ್ತೇನೆ. ನಾಲ್ಕು ಮಕ್ಕಳು ಅರ್ಧ ಗಂಟೆ ಅಲ್ಲೇ ಇರುತ್ತಾರೆ. ಕವಡೆ ಹಾಕಲು ಬಗ್ಗುತ್ತಾರೆ, ಜಗಳಕ್ಕೆ ನೆಟ್ಟಗಾಗುತ್ತಾರೆ, ತನ್ನ ಸರದಿ ಬರುವವರೆಗೆ ಮಂಡಿ ತಬ್ಬಿಕೊಂಡು ಕಾಯುತ್ತಾರೆ. ಅವರೆಕಾಯಿ ಕಾಲದಲ್ಲಿ ಕಾಳು ಬಿಡಿಸಲು ಕೂರಿಸಿದರೂ ಆಗುತ್ತದೆ. ಅಡುಗೆಮನೆಯ ಕೆಲಸವೂ ಮುಗಿಯುತ್ತದೆ.

ಪಕ್ಕದಲ್ಲಿ ಒಂದು ಪೆನ್ಸಿಲ್ ಹಿಡಿದು ಅಳತೆ ನೋಡಿಕೊಳ್ಳಿ. ದೊಡ್ಡವರ ಎತ್ತರ ಸುಮಾರು ಏಳು, ಏಳೂವರೆ ತಲೆ, ಅಂದರೆ ಅವರದೇ ತಲೆಯ ಉದ್ದದ ಅಷ್ಟು ಪಟ್ಟು. ಒಂದು ವರ್ಷದ ಮಗು ನಾಲ್ಕು ತಲೆ. ಐದಾರು ವರ್ಷದವರು ಐದು, ಐದೂವರೆ. ಹತ್ತರ ಹೊತ್ತಿಗೆ ಆರು ದಾಟಿರುತ್ತದೆ. ದೊಡ್ಡವರ ದೇಹವನ್ನೇ ಕುಗ್ಗಿಸಿ ಬರೆದರೆ ಮಗು ಕುಳ್ಳ ಗಂಡಸಿನ ಹಾಗೆ ಕಾಣುವುದು ಇದಕ್ಕೇ. ಮನೆಯಲ್ಲಿ ಮಗು ಇದ್ದರೆ ಈ ಪಾಠ ಪುಕ್ಕಟೆ.

ಕೊರತೆ ಎಲ್ಲಿ ಅಂದರೆ, ನಮ್ಮ ವಠಾರದಲ್ಲಿ ನಮ್ಮಂಥವರೇ ಇರುತ್ತಾರೆ. ಅದೇ ಗದ್ದ, ಅದೇ ಊಟ, ಅದೇ ನಿಲುವು. ಹನ್ನೊಂದು ಮಕ್ಕಳನ್ನು ಇಲ್ಲಿಂದಲೇ ತೆಗೆಯಲು ಹೋದರೆ ಮೇಷ್ಟ್ರ ಕಾಯಿಲೆ ಮರುಕಳಿಸುತ್ತದೆ. ಆಗ ಥಟ್ಟನೆ ಹೊಳೆಯುವ ಯೋಚನೆ: 'ಮನೆಕೆಲಸಕ್ಕೆ ಬರುವವರ ಮಗಳನ್ನು ಕೂರಿಸಿದರೆ?' ನಿಧಾನ. ಸಂಬಳ ಕೊಡುವವರು ಕೇಳಿದಾಗ ಅವರಿಗೆ ಆಗಲ್ಲ ಅನ್ನಲು ಬಾಯಿ ಬರುವುದಿಲ್ಲ. ಕೇಳುವುದಾದರೆ ಕೆಲಸದ ಹೊತ್ತು ಬಿಟ್ಟು ಕೇಳಿ, ಗಂಟೆಗೆ ಇಷ್ಟು ಅಂತ ಮೊದಲೇ ಹೇಳಿ, ಬೇಡ ಅಂದರೆ ಎರಡನೇ ಸಲ ಎತ್ತಬೇಡಿ. ನಾನು ಗಂಟೆಗೆ 300 ರೂಪಾಯಿ ಕೊಡುತ್ತೇನೆ. ಅದು ಅಮ್ಮನ ಕೈಗೆ. ಮಗುವಿಗೆ ಒಂದು ಡಬ್ಬಿ ಕ್ರಯಾನ್.

ಮಾಡೆಲ್ ಇರುವ ಕ್ಲಾಸು

ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾದಂಥ ಕಲಾಶಾಲೆಗಳಲ್ಲಿ ಓದಿದವರಿಗೆ ಇದು ಹೊಸದಲ್ಲ. ಹೊರಗಿನವರಿಗೆ ವಾರಾಂತ್ಯದ ಖಾಸಗಿ ತರಗತಿಗಳು, ಗೆಳೆಯರು ಸೇರಿ ದುಡ್ಡು ಹಂಚಿಕೊಂಡು ಮಾಡೆಲ್ ಕೂರಿಸುವ ಗುಂಪುಗಳು ಇರುತ್ತವೆ. ಮೊದಲು ಅರ್ಧ ನಿಮಿಷದ, ಒಂದು ನಿಮಿಷದ ಭಂಗಿ, ಆಮೇಲೆ ಇಪ್ಪತ್ತು ನಿಮಿಷದ್ದು. ಬೆಳಕು ಚೆನ್ನಾಗಿರುತ್ತದೆ. ಒಪ್ಪಿಗೆಯ ಗೊಂದಲವೇ ಇಲ್ಲ, ಅದು ಅವರ ಕೆಲಸ.

ಭುಜದ ಮೂಳೆ ಎಲ್ಲಿಂದ ಎಲ್ಲಿಗೆ, ಮೊಣಕಾಲು ಹೇಗೆ ಮಡಚುತ್ತದೆ ಅನ್ನುವುದೇ ಗೊತ್ತಿಲ್ಲದಿದ್ದರೆ ಮೊದಲು ಇಲ್ಲಿಗೆ ಬನ್ನಿ. ಸಂತೆ ಆಮೇಲೆ. ಮೂರು ತಿಂಗಳಲ್ಲಿ ಕೈ ತಿದ್ದುತ್ತದೆ. ಆದರೆ ನಿಮ್ಮ ಪುಸ್ತಕದ ಪಾತ್ರಗಳು ಇಲ್ಲಿ ಸಿಗುವುದಿಲ್ಲ. ಮಾಡೆಲ್‌ಗಳು ದೊಡ್ಡವರು. ಅವರೂ ಬಾರಿ ಬಾರಿ ಅದೇ ಇಬ್ಬರು ಮೂವರು. 'ಪೋಸ್' ಕೊಟ್ಟು ನಿಂತವರಲ್ಲಿ ಬಸ್ ತಪ್ಪಿಸಿಕೊಂಡವರ ಗಾಬರಿ ಇರುವುದಿಲ್ಲ.

ಮೂಳೆ ಕಲಿಯಲು ಕ್ಲಾಸು ಸಾಕು, ಚಲನೆಗೆ ಬೇರೆ ದಾರಿ ಬೇಕು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಲಯ ತಿಳಿಯಲಿ ಅಂತ ಕಥಕ್ಕನ್ನೇ ಕಲಿತವರು. ಅವರ ಗೆರೆಚಿತ್ರಗಳಲ್ಲಿ ಮನುಷ್ಯ ಮುಂದಿನ ಹೆಜ್ಜೆ ಎಲ್ಲಿಡುತ್ತಾನೆ ಅನ್ನುವುದು ಕೂಡ ಕಾಣುತ್ತದೆ. ನಾವು ಕಥಕ್‌ವರೆಗೆ ಹೋಗದಿದ್ದರೂ ಪರವಾಗಿಲ್ಲ. ಬರೆಯಬೇಕಾದ ಭಂಗಿಯನ್ನು ಎದ್ದು ನಿಂತು ಒಮ್ಮೆ ಮಾಡಿ ನೋಡಿ. ಬಿಂದಿಗೆ ಸೊಂಟದ ಮೇಲೆ ಇಟ್ಟರೆ ಇನ್ನೊಂದು ಭುಜ ಏನಾಗುತ್ತದೆ ಅಂತ ನಿಮ್ಮ ಮೈಯೇ ಹೇಳುತ್ತದೆ. ಕನ್ನಡಿ ಇದ್ದರೆ ಇನ್ನೂ ವಾಸಿ. ರಾತ್ರಿ ಹನ್ನೊಂದಕ್ಕೂ ಸಿಗುವ ಮಾಡೆಲ್ ಅದೊಂದೇ.

ಶಾಲೆಗೆ, ಊರಿಗೆ ಹೋಗಿ ಬರೆಯುವುದು

ದುಬಾರಿ ದಾರಿ ಇದು. ದುಡ್ಡಿಗಿಂತ ದಿನಗಳ ಲೆಕ್ಕದಲ್ಲಿ ದುಬಾರಿ. ಹೆಡ್‌ಮಾಸ್ಟರ್ ಒಪ್ಪಿಗೆ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯವರಿಗೂ (ಶಾಲಾಭಿವೃದ್ಧಿ ಸಮಿತಿ) ಒಂದು ಮಾತು, ಮಕ್ಕಳ ಮನೆಯವರ ಒಪ್ಪಿಗೆ. ಹೋಗಿಬರುವ ಖರ್ಚು. ಮೊದಲ ದಿನ ಪೂರ್ತಿ ವ್ಯರ್ಥ ಅಂತಲೇ ಅಂದುಕೊಳ್ಳಿ. ಎಲ್ಲರೂ ಕೂದಲು ಬಾಚಿಕೊಂಡು, ಕೈ ಕಟ್ಟಿಕೊಂಡು, ಗ್ರೂಪ್ ಫೋಟೋಗೆ ನಿಂತ ಹಾಗೆ ನಿಲ್ಲುತ್ತಾರೆ. ಎರಡನೇ ದಿನ ನಿಮ್ಮ ಪೆನ್ಸಿಲ್ ಕದಿಯುತ್ತಾರೆ. ಮೂರನೇ ದಿನ ನೀವು ಇದ್ದೀರಿ ಅನ್ನುವುದೇ ಮರೆಯುತ್ತಾರೆ. ಬೇಕಾದ್ದು ಸಿಗುವುದು ಆ ಮೂರನೇ ದಿನ.

ನಾನು ಮಾಡುವುದು ಇಷ್ಟು. ಮಕ್ಕಳಿಗೂ ಹಾಳೆ ಹಂಚುತ್ತೇನೆ. ಅವರು ನನ್ನನ್ನು ಬರೆಯುತ್ತಾರೆ, ನಾನು ಅವರನ್ನು. ಲೆಕ್ಕ ಸರಿಹೋಯಿತು. ನನ್ನ ಮೂಗು ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಗಿದ್ದೂ ಹಾಗೇ.

ಇಷ್ಟು ಕಷ್ಟ ಯಾಕೆ ಪಡಬೇಕು? ನಾನು ಮಾಡಿದ ಒಂದು ತಪ್ಪು ಕೇಳಿ. ಒಂದು ಪುಸ್ತಕದಲ್ಲಿ ವೀಲ್‌ಚೇರ್ ಬಳಸುವ ಹುಡುಗ ಇದ್ದ. ನಾನು ಆಸ್ಪತ್ರೆಯಲ್ಲಿ ನೋಡಿದ ಕುರ್ಚಿ ನೆನಪಿಸಿಕೊಂಡು ಬರೆದೆ. ಅಗಲವಾದ ಕುರ್ಚಿ, ಎತ್ತರದ ಕೈ, ಹಿಂದೆ ತಳ್ಳುವ ಹಿಡಿ, ಹಿಂದೆ ನಿಂತ ಅಣ್ಣ. ಪುಸ್ತಕ ಅಚ್ಚಾದ ಮೇಲೆ ಒಬ್ಬ ಅಮ್ಮ ಸಿಕ್ಕರು. ಬೈಯಲಿಲ್ಲ. "ನನ್ನ ಮಗ ಇದನ್ನ ನೋಡಿ, ಇವನಿಗೆ ಹುಷಾರಿಲ್ವಾ ಅಂತ ಕೇಳಿದ" ಅಂದರು. ಅವನ ಕುರ್ಚಿ ಅವನ ಸೊಂಟದ ಅಳತೆಗೆ ಮಾಡಿಸಿದ್ದು, ಪಾದ ಸರಿಯಾಗಿ ಹಲಗೆ ಮುಟ್ಟುತ್ತದೆ, ಚಕ್ರವನ್ನು ತಾನೇ ತಿರುಗಿಸುತ್ತಾನೆ. ನನ್ನ ಚಿತ್ರದ ಹುಡುಗನ ಕಾಲು ನೇತಾಡುತ್ತಿತ್ತು. ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಒಂದು ಮಧ್ಯಾಹ್ನ ಆ ಹುಡುಗನ ಜೊತೆ ಕೂತಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಆಮೇಲೆ ಕಲಿತದ್ದು ಬಹಳ. ಒಂದೇ ಊರುಗೋಲು ಹಿಡಿಯುವವರು ಅದನ್ನು ಸಾಮಾನ್ಯವಾಗಿ ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯುತ್ತಾರೆ. ಕಣ್ಣು ಕಾಣದವರ ಬಿಳಿ ಕೋಲು ಮಡಚುತ್ತದೆ, ಕೂತಾಗ ಬ್ಯಾಗಿನಲ್ಲಿ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ವೀಲ್‌ಚೇರ್‌ಗಿಂತ ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಚಕ್ರದ ಗಾಡಿ ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ಅದನ್ನು ಓಡಿಸುವವರ ಭುಜ ನೋಡಿ. ಪೈಲ್ವಾನರ ಭುಜ!

ನಿಮ್ಮ ಸುತ್ತ ಇಲ್ಲದ ಸಮುದಾಯದ ಕಥೆಯಾದರೂ ಇದೇ ದಾರಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಕ್ಕಳ ಬಗ್ಗೆ ಪುಸ್ತಕ ಅಂದರೆ, ಅವರ ಪೂರ್ವಜರು ಆಫ್ರಿಕಾದವರು ಅಂತ ಓದಿಕೊಂಡು ಗುಂಗುರು ಕೂದಲು ಬರೆದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಅಲ್ಲಿ ಹೋಗಿ ಕೂತಾಗ ಗೊತ್ತಾಗುತ್ತದೆ, ಗುಂಗುರಿನಲ್ಲೂ ಹತ್ತು ತರ. ಬಿಗಿಯಾಗಿ ಜಡೆ ಹೆಣೆದದ್ದು ಒಂದು, ಎಣ್ಣೆ ಹಾಕಿ ಹಿಂದಕ್ಕೆ ಒತ್ತಿದ್ದು ಒಂದು. ಹಳೆ ಸೀರೆ ತುಂಡುಗಳನ್ನು ಸೇರಿಸಿ ಹೊಲಿದ ಕವದಿ ಬಿಸಿಲಿಗೆ ಹಾಕಿರುತ್ತಾರೆ. ಅದರ ಬಣ್ಣಗಳೇ ನಿಮ್ಮ ಪುಟಕ್ಕೆ ಸಾಕು. 'ನಿಮ್ಮ ಡ್ರೆಸ್ ಹಾಕಿಕೊಂಡು ಬನ್ನಿ' ಅಂತ ಮಾತ್ರ ಕೇಳಬೇಡಿ. ಹಾಕಿಕೊಂಡಿರುವುದು ಅವರ ಡ್ರೆಸ್ಸೇ.

ಮೈಬಣ್ಣದ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮಕ್ಕಳು ಈಗಲೂ "ಸ್ಕಿನ್ ಕಲರ್ ಕೊಡು" ಅಂದಾಗ ಕೈಗೆ ಬರುವುದು ಎಳೆ ಗುಲಾಬಿ ಕ್ರಯಾನ್. ಆ ಬಣ್ಣದ ಚರ್ಮ ಇಡೀ ಕ್ಲಾಸಿನಲ್ಲಿ ಒಬ್ಬರಿಗೂ ಇರುವುದಿಲ್ಲ. ಕಪ್ಪು ಮೈ ಬರೆಯುವಾಗ ಟ್ಯೂಬಿನ ಕಪ್ಪು ಬೆರೆಸಿದರೆ ಬೂದಿ ಬಳಿದ ಹಾಗಾಗುತ್ತದೆ. ಬರ್ನ್ಟ್ ಸಿಯೆನಾ (ಕೆಂಪು ಬೆರೆತ ಕಂದು), ಅಲ್ಟ್ರಾಮರೀನ್ ನೀಲಿ, ಸ್ವಲ್ಪ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಇಟ್ಟುಕೊಂಡು ಹಗಲು ಬೆಳಕಿನಲ್ಲಿ ನೋಡಿ ಬೆರೆಸಿ. ಅಂಗೈ, ಅಂಗಾಲು ತಿಳಿಯಾಗಿರುತ್ತವೆ. ಮೊಣಕೈ, ಮಂಡಿ ಗಾಢ. ಬಿಸಿಲಲ್ಲಿ ಕೆನ್ನೆಯ ಮೇಲೆ ಆಕಾಶದ ನೀಲಿ ಹೊಳೆಯುತ್ತದೆ. ಇದು ಫೋಟೋದಲ್ಲಿ ಬರುವುದು ಕಡಿಮೆ.

ಫೋಟೋ

ಹಾಗಂತ ಫೋಟೋ ಬೇಡ ಅಂತಲ್ಲ. ಡೆಡ್‌ಲೈನ್ ಹತ್ತಿರ ಬಂದಾಗ, ಮಗು ಮರ ಹತ್ತುವ ಆ ಒಂದು ಕ್ಷಣ ಬೇಕಾದಾಗ, ಬಸ್ಸಿನ ಕಂಬಿ ಎಲ್ಲಿ ಬಾಗುತ್ತದೆ ಅಂತ ನೋಡಬೇಕಾದಾಗ ಫೋಟೋನೇ ಗತಿ. ಖರ್ಚು ಸೊನ್ನೆ. ಬೇಕಾದಷ್ಟು ಹೊತ್ತು ಅಲ್ಲಾಡದೆ ಇರುತ್ತದೆ.

ಆದರೆ ಫೋನಿನ ಕ್ಯಾಮರಾ ಸುಳ್ಳು ಹೇಳುತ್ತದೆ. ಅದರ ಲೆನ್ಸ್ ಅಗಲ ನೋಟದ್ದು, ಹತ್ತಿರ ಇರುವುದನ್ನು ದೊಡ್ಡದು ಮಾಡುತ್ತದೆ. ನಿಂತುಕೊಂಡು ಮಗುವಿನ ಫೋಟೋ ತೆಗೆದರೆ ತಲೆ ಕುಂಬಳಕಾಯಿ, ಕಾಲು ಕಡ್ಡಿ. ಅದನ್ನೇ ಟ್ರೇಸ್ ಮಾಡಿದರೆ ಕಣ್ಣಿಗೆ ಏನೋ ತಪ್ಪು ಅನ್ನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, ನಾಲ್ಕು ಹೆಜ್ಜೆ ಹಿಂದೆ ಸರಿದು ತೆಗೆಯಿರಿ. ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಅದು ಎಲ್ಲರನ್ನೂ ಬೆಳ್ಳಗೆ ಮಾಡಿ ಎಲ್ಲರ ಮೂಗನ್ನೂ ಸಣ್ಣ ಮಾಡುತ್ತದೆ. ಫಿಲ್ಮ್ ಕಾಲದಲ್ಲೂ ಈ ರೋಗ ಇತ್ತು. ಕೊಡ್ಯಾಕ್‌ನವರು ಬಣ್ಣ ಹೊಂದಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ಬಹಳ ಕಾಲ ಇದ್ದದ್ದು ಬಿಳಿ ಹೆಂಗಸರ ಮುಖವೇ.

ಇಂಟರ್ನೆಟ್‌ನಲ್ಲಿ ಸಿಕ್ಕ ಫೋಟೋ ಅಂತೂ ನಿಮ್ಮದಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ಪ್ರಕಟವಾಗಿ 60 ವರ್ಷ ಹಕ್ಕು ಇರುತ್ತದೆ. ಮಾಹಿತಿಗೆ ಹತ್ತು ಫೋಟೋ ನೋಡಿ, ಒಂದನ್ನೇ ನಕಲು ಮಾಡಬೇಡಿ. ಎಐ ಚಿತ್ರಗಳನ್ನು ರೆಫರೆನ್ಸ್ ಮಾಡಿಕೊಂಡರೆ ಹೇಗೆ ಅಂತಲೂ ಕೆಲವರು ಕೇಳುತ್ತಾರೆ. ನಾನು ನೋಡಿದ ಮಟ್ಟಿಗೆ, 'ಕರ್ನಾಟಕದ ಹಳ್ಳಿ ಹುಡುಗಿ' ಅಂದರೆ ಅದು ಕೊಡುವುದು ಎಲ್ಲ ಸಲವೂ ಒಬ್ಬಳನ್ನೇ. ಒಂದೇ ಮುಖದ ಕಾಯಿಲೆಗೆ ಮದ್ದು ಹುಡುಕಿಕೊಂಡು ಅದೇ ಕಾಯಿಲೆ ಇರುವವರ ಹತ್ತಿರ ಹೋದ ಹಾಗೆ.

ಹಾಗಾದರೆ ಯಾರಿಗೆ ಯಾವುದು?

ಕೈಯಲ್ಲಿ ದುಡ್ಡಿಲ್ಲ, ತಿಂಗಳಲ್ಲಿ ಪುಸ್ತಕ ಮುಗಿಸಬೇಕು ಅಂದರೆ: ಎರಡು ದಿನ ಬಸ್ ಸ್ಟ್ಯಾಂಡ್, ಎರಡು ಸಂಜೆ ಪಕ್ಕದ ಮನೆ. ಬೀದಿಯಿಂದ ನಿಲುವು ತನ್ನಿ, ಮನೆಯಲ್ಲಿ ಅದೇ ನಿಲುವಿನಲ್ಲಿ ಯಾರನ್ನಾದರೂ ನಿಲ್ಲಿಸಿ ಸುತ್ತ ನೋಡಿ ಬರೆಯಿರಿ. ಖರ್ಚು ಒಂದು ರೀಮ್ ಹಾಳೆ, ಟೀ. ಪುಟ್ಟ ಪುಸ್ತಕಕ್ಕೆ ಇದು ಧಾರಾಳ ಸಾಕು. ನನ್ನ ಅರ್ಧಕ್ಕೂ ಹೆಚ್ಚು ಕೆಲಸ ಹೀಗೇ ಆಗಿರುವುದು.

ಸಮಯ ಇದೆ, ಕೈ ಇನ್ನೂ ಪಳಗಿಲ್ಲ ಅಂದರೆ ಕ್ಲಾಸಿಗೆ ದುಡ್ಡು ಹಾಕಿ.

ಕಥೆಯ ಮುಖ್ಯ ಪಾತ್ರವೇ ನಿಮ್ಮ ಅನುಭವದ ಹೊರಗಿನದಾಗಿದ್ದರೆ, ಅಂದರೆ ಅಂಗವೈಕಲ್ಯ ಇರುವ ಮಗು, ನೀವು ಬದುಕದ ಊರು, ನಿಮ್ಮದಲ್ಲದ ಸಮುದಾಯ, ಅಲ್ಲಿಗೆ ಹೋಗುವುದನ್ನು ಬಿಡಬೇಡಿ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಪ್ರಕಾಶಕರ ಹತ್ತಿರ ಪ್ರಯಾಣದ ಖರ್ಚು ಕೇಳಿ. ಕೊಡುವುದಿಲ್ಲ ಅಂದರೆ ನಿಮ್ಮ ಸಂಭಾವನೆಯಲ್ಲಿ ಅದನ್ನು ಕಳೆದು ನೋಡಿ, ಆಮೇಲೆ ಒಪ್ಪಿಕೊಳ್ಳಿ. ಕರಡು ಚಿತ್ರವನ್ನು ಅಲ್ಲಿಯವರಿಗೆ ತೋರಿಸಲು ಇನ್ನೊಂದು ಸಲ ಹೋಗಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಾತ್ರ ಹಿನ್ನೆಲೆಯಲ್ಲಿ ಒಂದು ಪುಟ ಮಾತ್ರ ಬರುವುದಾದರೆ ಇಷ್ಟು ಬೇಕಿಲ್ಲ. ಗೊತ್ತಿರುವ ಒಬ್ಬರಿಗೆ ಕರಡು ಕಳಿಸಿ ಕೇಳಿದರೂ ನಡೆಯುತ್ತದೆ.

ಎಲ್ಲದಕ್ಕೂ ಫೋಟೋ ಜೊತೆಗಿರಲಿ. ಮುಂದಾಳಾಗುವುದು ಬೇಡ.

ಹಾವೇರಿ ಮೇಷ್ಟ್ರಿಗೆ ನಾನು ಹೇಳಿದ್ದು ಇನ್ನೂ ಸುಲಭ. "ನೀವು ದಿನಾ ಹೋಗೋದೇ ಶಾಲೆಗೆ ಅಲ್ವಾ ಸರ್? ನಮಗೆ ಬೇಕಾದ ಮೂರನೇ ದಿನ ನಿಮಗೆ ವರ್ಷಪೂರ್ತಿ ಇದೆ." ಪ್ರಾರ್ಥನೆಯ ಹೊತ್ತಿನಲ್ಲಿ, ಊಟದ ಸಾಲಿನಲ್ಲಿ ಎರಡೆರಡು ನಿಮಿಷ ಬರೆಯಿರಿ, ಮುಖ ಹಾಕಬೇಡಿ ಅಂದೆ. ಎರಡು ವಾರದ ನಂತರ ವಾಟ್ಸಾಪ್‌ನಲ್ಲಿ ಒಂದು ಹಾಳೆ ಬಂತು. ಪ್ರಾರ್ಥನೆಗೆ ನಿಂತ ಸಾಲು. ಅದರಲ್ಲೊಬ್ಬಳು ಕೈ ಮುಗಿದುಕೊಂಡೇ ಒಂದು ಪಾದದಿಂದ ಇನ್ನೊಂದು ಮೀನಖಂಡ ಕೆರೆದುಕೊಳ್ಳುತ್ತಿದ್ದಾಳೆ. ಹಿಂದೆಯೇ ಫೋನ್. "ಮಾರಿ ಹಾಕಿಲ್ರಿ ಮೇಡಂ. ಆದ್ರೂ ಐದನೇತ್ತಾ ಹುಡುಗ್ರು ನೋಡಿದ ಕೂಡ್ಲೆ ಆಕಿ ಹೆಸರು ಹೇಳಿಬಿಟ್ರು!"

ಅವರ ದನಿಯಲ್ಲಿ ಖುಷಿ. ನನಗೂ ಖುಷಿ. ಆದರೆ ಮುಖವಿಲ್ಲದೆಯೇ ಗುರುತು ಸಿಕ್ಕಿತು ಅಂದರೆ ಅವಳ ಮನೆಯಲ್ಲಿ ಕೇಳದೆ ಅಚ್ಚಿಗೆ ಹಾಕುವಂತಿಲ್ಲ ಅಂದೆ. ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ ಹಾಳೆ ತೋರಿಸಿ ಬಂದರಂತೆ. ಅವಳ ಅವ್ವ ಒಪ್ಪಿದ್ದಾರೆ. ಕಾಲು ಕೆರೆದುಕೊಂಡರೂ ಅಡ್ಡಿಯಿಲ್ಲ, ಎರಡೂ ಜಡೆಗೆ ರಿಬ್ಬನ್ ಮಾತ್ರ ಇರಲೇಬೇಕಂತೆ.